ಫ್ಲಾರೆನ್ಸಿನಲ್ಲಿ ನಮ್ಮ ರವಿವಾರ

ಇಷ್ಟು ವರ್ಷ ಕತಾರಿನಲ್ಲಿದ್ದ ಮೇಲೆ ರವಿವಾರ ಎಂದರೆ ನಮಗೆ ದುಡಿಯುವ ದಿನ. ರಜೆ ಶುಕ್ರವಾರ, ಶನಿವಾರ. ರವಿವಾರ ಬೆಳಕು ಹರಿಯುವ ಮೊದಲೇ ನಮ್ಮ ಮನೆಯವರು ಬೂಟು ಕಟ್ಟಿಕೊಂಡು ದುಖಾನಿನ ಆಯಿಲ್ ಪ್ಲಾಂಟಿಗೆ ಹೊರಟಿರುತ್ತಾರೆ. ಹಾಗಾಗಿ ಇಟಲಿ ಪ್ರವಾಸ ಗೊತ್ತು ಮಾಡುವಾಗ ನಾನು ಬಹಳ ಶಾಣ್ಯಾತನ ಮಾಡಿದೆ. ಶನಿವಾರ ಸಂಜೆ ಫ್ಲಾರೆನ್ಸ್ ಮುಟ್ಟುವುದು, ರವಿವಾರ ಊರ ಮಂದಿಯೆಲ್ಲ ಕೆಲಸಕ್ಕೆ ಹೋಗಿರುವಾಗ ಗದ್ದಲವಿಲ್ಲದೆ ಆ ದೊಡ್ಡ ಗುಮ್ಮಟದ ಚರ್ಚು ನೋಡುವುದು. ಇವರೂ ಹೂಂ ಅಂದರು. ಇಬ್ಬರಲ್ಲಿ ಒಬ್ಬರಿಗೂ ತಲೆ ಓಡಲಿಲ್ಲ.

ಪ್ರವಾಸದ ಹಟ ನನ್ನದೇ. ಮಗಳು ಕಾಲೇಜಿಗೆಂದು ಹುಬ್ಬಳ್ಳಿಗೆ ಹೋದ ಮೇಲೆ ದುಖಾನಿನ ಕಂಪನಿ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಉಳಿದಿದ್ದೆವು. ಇವರು ಸಂಜೆ ಬಂದು ಉಂಡು, ಫೋನು ನೋಡುತ್ತ ಮಲಗುತ್ತಾರೆ. ಕಿರಾಣಿಗೆಂದು ದೋಹಾಕ್ಕೆ ಹೋದರೆ ದಾರಿಯುದ್ದಕ್ಕೂ ರೇಡಿಯೋದವನೇ ಮಾತಾಡುತ್ತಾನೆ. ಬದನೆಕಾಯಿ ಹೆಚ್ಚುತ್ತ ನಾನು ಕುಕ್ಕರಿನ ಜೊತೆ ಜಗಳ ತೆಗೆದದ್ದೂ ಉಂಟು. ಪ್ಲಾಂಟಿನಿಂದ ಅಷ್ಟು ದೂರ ಹೋದರೆ ಇವರು ನನ್ನ ಜೊತೆ ಮೊದಲಿನ ಹಾಗೆ ಮಾತಾಡುತ್ತಾರೆ ಎಂದು ನಂಬಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದೇ. ಚರ್ಚು ಬರೀ ನೆಪ.

ರವಿವಾರ ಬೆಳಿಗ್ಗೆ ಹೋದರೆ ಚರ್ಚಿನ ಬಾಗಿಲಲ್ಲಿ ಕಾವಲಿನವನು ಅಡ್ಡ ಕೈ ಹಿಡಿದ. ಇವತ್ತು ಸಂಡೇ, ಪ್ರಾರ್ಥನೆಗೆ ಬಂದವರಿಗೆ ಮಾತ್ರ, ನೋಡುವವರಿಗಿಲ್ಲ ಎಂದ. ನಾವೂ ಪ್ರಾರ್ಥನೆಗೇ ಬಂದವರು ಎಂದೆ. ಅವನು ಇವರ ಕೊರಳಲ್ಲಿದ್ದ ಕ್ಯಾಮೆರಾವನ್ನೂ ನನ್ನ ಹಣೆಯ ಕುಂಕುಮವನ್ನೂ ನೋಡಿ ನಕ್ಕ. ತಿರುಗಿ ನೋಡಿದರೆ ಇಡೀ ಊರು ಬೀದಿಯಲ್ಲಿತ್ತು. ಅಜ್ಜಂದಿರು, ಮೊಮ್ಮಕ್ಕಳು, ಕೈ ಕೈ ಹಿಡಿದ ಗಂಡಹೆಂಡಿರು, ಎಲ್ಲರೂ ಐಸ್‌ಕ್ರೀಮು ತಿನ್ನುತ್ತ ಹರಟುತ್ತಿದ್ದರು.

ನಾನು ಇವರ ಮುಖ ನೋಡಿದೆ. ಮೊದಲಾಗಿದ್ದರೆ ಇಂಥ ಪೆದ್ದುತನಕ್ಕೆ ಇವರು ವರ್ಷಗಟ್ಟಲೆ ನನ್ನ ಕಾಲೆಳೆಯುತ್ತಿದ್ದರು, ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಈಗ 'ಇರಲಿ ಬಿಡು' ಎಂದಷ್ಟೇ ಹೇಳಿ ಜೇಬಿನಿಂದ ಫೋನು ತೆಗೆದರು. ಚರ್ಚು ತಪ್ಪಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ನೋಯಿಸಿತು.

ಆಮೇಲೆ ದಿನವೆಲ್ಲ ಅದೇ ಆಯಿತು. ಒಂದು ಚೌಕಕ್ಕೆ ಹೋಗುತ್ತೇವೆ, ಇವರು 'ಪ್ಲಾಂಟಿಂದು' ಎಂದು ಫೋನಿನ ಕಡೆ ಬೆರಳು ತೋರಿಸಿ ಪಕ್ಕಕ್ಕೆ ಸರಿಯುತ್ತಾರೆ. ರವಿವಾರ ಅಲ್ಲಿ ವಾರದ ಮೊದಲ ದಿನ, ಕೆಲಸದ ತಲೆನೋವು ಇರುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಕಡಿದ ತಲೆಯನ್ನು ಕೈಯಲ್ಲಿ ಹಿಡಿದು ನಿಂತ ಕಂಚಿನ ವೀರನೊಬ್ಬನ ಮುಂದೆ ನಾನು ಒಬ್ಬಳೇ ನಿಂತಿದ್ದೆ. ಹಿಂದಿನಿಂದ ಇವರ ದನಿ ಕೇಳುತ್ತಿತ್ತು. ಯಾವುದೋ ಪಂಪಿನ ಬಿಸಿ ಎಷ್ಟಿದೆ ಎಂದು ಹಿಂದಿಯಲ್ಲಿ ಕೇಳಿದರು, ಏನೋ ತಮಾಷೆ ಮಾಡಿದರು, ಸರಿ, ಮುಗೀತು ಎನ್ನಲು ಅರಬ್ಬಿಯಲ್ಲಿ 'ಯಲ್ಲಾ, ಖಲಾಸ್' ಎಂದು ಗಟ್ಟಿಯಾಗಿ ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ. ನನಗೆ ಒಂದು ಪಂಪಿನ ಮೇಲೆ ಹೊಟ್ಟೆಕಿಚ್ಚು ಬಂತು.

ಮಧ್ಯಾಹ್ನ ತೋಟವೊಂದರ ಬೆಂಚಿನ ಮೇಲೆ ಕೂತು, ದುಖಾನಿನಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸುತ್ತಲೂ ಮಂದಿ ಕಲಕಲ ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ರೊಟ್ಟಿ ಮುರಿಯುವ ಸದ್ದು ಮಾತ್ರ ಇತ್ತು.

ಸಂಜೆ ಹೊಳೆಯ ದಂಡೆಯ ಕಟ್ಟೆಯ ಮೇಲೆ ಕೂತಾಗ ಇವರ ಕೈ ಮತ್ತೆ ಜೇಬಿಗೆ ಹೋಯಿತು. ನನಗೆ ತಡೆಯಲಾಗಲಿಲ್ಲ.

"ಆ ಪ್ಲಾಂಟಿನವ್ರಿಗೆ ನಾಚಿಕಿ ಇಲ್ಲೇನ್ರೀ? ರಜಾದಾಗ ಇದ್ದ ಮನಷ್ಯಾಗ ಎಷ್ಟ ಸಲ ಫೋನ್ ಮಾಡ್ತಾರ?"

ಇವರು ಜೇಬಿನಿಂದ ಬರಿಗೈ ಹೊರತೆಗೆದು ಕಟ್ಟೆಯ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಅವ್ರು ಒಂದು ಸಲಾನೂ ಮಾಡಿಲ್ಲ. ನಾನ ಮಾಡ್ಲಿಕತ್ತೀನಿ. ನಿನ್ನ ಕೂಡ ಏನ್ ಮಾತಾಡಬೇಕಂತ ತಿಳೀವಲ್ದು."

ಸಿಟ್ಟಿನಿಂದ ಎದ್ದು ಹೋಗಬೇಕೆನಿಸಿತು. ಆದರೆ ಏಳಲಿಲ್ಲ, ಯಾಕೆಂದರೆ ಇವರು ಹೇಳಿದ್ದು ನನ್ನದೂ ಆಗಿತ್ತು. ಬಾಗಿಲಲ್ಲಿ ಕಾವಲಿನವನು ನಕ್ಕಿದ್ದು, ಕಂಚಿನ ವೀರ, ಐಸ್‌ಕ್ರೀಮಿನ ಅಜ್ಜಂದಿರು, ಇದನ್ನೆಲ್ಲ ನಾನು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಡುತ್ತಿದ್ದದ್ದು ಮಗಳಿಗೆ ಹೇಳಲು. ಪಕ್ಕದಲ್ಲೇ ನಡೆಯುತ್ತಿದ್ದ ಇವರಿಗೆ ಹೇಳೋಣ ಎಂದು ಒಂದನ್ನೂ ಎತ್ತಿಟ್ಟಿರಲಿಲ್ಲ.

"ನನಗೂ ತಿಳೀವಲ್ದು," ಎಂದೆ.

ಇವರು ತಲೆಯಾಡಿಸಿದರು. ಮದುವೆಯಾದ ಹೊಸತರಲ್ಲೂ ನಾವಿಬ್ಬರೂ ಹೀಗೇ ಮಾತು ಹುಟ್ಟದೆ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಆಗ ನನಗೆ ನಾಚಿಕೆಯಾಗಿತ್ತು, ಈಗಿನ ಹಾಗೆ ಭಯವಾಗಿರಲಿಲ್ಲ.