ರೈಟ್ ಹೇಳದೆ ಏಣಿ ಹತ್ತುವಂತಿಲ್ಲ

ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಂಡಕ್ಟರ್ ಗಂಡನನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟಿ ನೋಡು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಮಹಡಿ ಮೇಲೊಂದು ಕೋಣೆ ಬೇಕೆಂದು ನಾನು ಬಾಯಿ ಬಿಡುತ್ತಲೇ ಇರಲಿಲ್ಲ.

ನಮ್ಮ ಯಜಮಾನರು ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬಸ್ಸು ಅವರನ್ನು ಬಿಟ್ಟರೂ ಅವರು ಬಸ್ಸನ್ನು ಬಿಟ್ಟಿಲ್ಲ. ಊಟಕ್ಕೆ ಕೂತರೂ "ಒಳಗೆ ಸರ್ಕೊಳ್ಳಿ, ಒಳಗೆ ಸರ್ಕೊಳ್ಳಿ" ಎನ್ನುತ್ತಾರೆ. ಬೀದಿಯವರು ಅವರನ್ನು ಕರೆಯುವುದೇ ರೈಟ್‌ರೈಟ್ ಎಂದು. ನಾನು ಹೊಲಿಗೆಯವಳು. ಮೂವತ್ತೊಂದು ವರ್ಷದಿಂದ ನನ್ನ ಮಷೀನು ಅಡುಗೆಮನೆಯ ಬಾಗಿಲಲ್ಲಿತ್ತು, ಬಟ್ಟೆಯ ಗಂಟುಗಳು ಅಟ್ಟದ ಮೇಲಿದ್ದವು. "ನೀವು ಹೊಲಿದಿದ್ದು ಹಾಕ್ಕೊಂಡ್ರೆ ಮೈಯೆಲ್ಲ ಹುರಿದ ಈರುಳ್ಳಿ ವಾಸನೆ" ಎಂದು ಒಬ್ಬ ಗಿರಾಕಿ ಮುಖಕ್ಕೆ ಹೊಡೆದ ಹಾಗೆ ಹೇಳಿದ ದಿನ ಅತ್ತುಬಿಟ್ಟೆ. ನನಗೊಂದು ಕೋಣೆ ಬೇಕು, ಬೇಕೇ ಬೇಕು ಎಂದೆ. ಸರಿ, ಮೇಸ್ತ್ರಿ ಬಂದ, ಅವನ ಇಬ್ಬರು ತಮ್ಮಂದಿರೂ ಬಂದರು, ಗೋಡೆ ಎದೆಮಟ್ಟಕ್ಕೆ ಎದ್ದಿತು.

ಆಗ ನಮ್ಮವರು ಕಟ್ಟಡದ ಪರವಾನಗಿ ಕಾಗದವನ್ನು ಓದಿದರು. ರುಜು ಹಾಕಿ ಎರಡು ತಿಂಗಳಾಗಿತ್ತು, ಓದಿದ್ದು ಅವತ್ತು! ಕೆಲಸಗಾರರ ಸುರಕ್ಷತೆಗೆ ತಕ್ಕ ಏರ್ಪಾಟು ಆಗಿದೆಯೇ ಎಂದು ಮಾಲೀಕರು ನೋಡಿಕೊಳ್ಳತಕ್ಕದ್ದು, ತಪ್ಪಿದರೆ ಕಾನೂನಿನ ಮುಂದೆ ಅವರೂ ಹೊಣೆ ಎಂದು ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಅವರ ಮುಖ ಬಿಳಿಚಿಕೊಂಡಿತು.

"ಮೇಸ್ತ್ರಿ, ಯಾರಾದ್ರೂ ಬಿದ್ರೆ ನೀನೇ ತಾನೇ ಜವಾಬ್ದಾರಿ?"

"ನನ್ನ ಪಾಲು ನನಗೆ ಇದ್ದೇ ಇದೆ ಸಾರ್. ಆದ್ರೆ ಕೆಲಸ ಮಾಡಿಸ್ತಿರೋರು ನೀವು. ಹಲಗೆ ಗಟ್ಟಿ ಇದೆಯಾ, ಹಗ್ಗ ಇದೆಯಾ, ಹೆಲ್ಮೆಟ್ ಇದೆಯಾ ಅಂತ ನೀವೂ ಕೇಳ್ಬೇಕು."

ಕೇಳಬೇಕು ಎಂದ ಅಷ್ಟೆ. ಇವರು ಕೇಳಿ ಸುಮ್ಮನಾಗುವ ಪೈಕಿಯೇ? ಹೆಲ್ಮೆಟ್ ತಂದರು, ಹೊಸ ಹಗ್ಗ ತಂದರು, ಬಿರುಕು ಬಿಟ್ಟ ಹಲಗೆ ತೆಗೆಸಿದರು. ಅಷ್ಟಕ್ಕೆ ಭೇಷ್ ಎನ್ನುತ್ತೇನೆ. ಆದರೆ ಮರುದಿನ ಟ್ರಂಕಿನಿಂದ ಹಳೆಯ ಸೀಟಿ ಹೊರಬಂತು. ಒಂದು ಸಲ ಊದಿದರೆ ಎಲ್ಲರೂ ನಿಲ್ಲಬೇಕು, ಎರಡು ಸಲ ಊದಿದರೆ ರೈಟ್, ಕೆಲಸ ಮುಂದಕ್ಕೆ. ಏಣಿಯಲ್ಲಿ ಇಳಿಯುವವರು ಮೊದಲು, ಹತ್ತುವವರು ಆಮೇಲೆ. ಗೋಡೆಗೆ ಆನಿಸಿ ಕಟ್ಟಿದ್ದ ಸಾರವೆಗೆ 'ನಿಲ್ಲುವವರು ಇಬ್ಬರು ಮಾತ್ರ' ಎಂಬ ಬೋರ್ಡು. ಗಂಟೆಗೊಮ್ಮೆ ತಲೆ ಎಣಿಸಿ ಪುಸ್ತಕದಲ್ಲಿ 'ಮೂರು' ಎಂದು ಬರೆದುಕೊಳ್ಳುವುದು.

"ಸಾರ್, ಇಳಿಯೋವಾಗ ಟಿಕೆಟ್ ತೋರಿಸ್ಬೇಕಾ?" ಎಂದು ಚಿಕ್ಕ ತಮ್ಮ ಕೇಳಿದ. ಪುಣ್ಯಾತ್ಮರು ನಗಲೂ ಇಲ್ಲ, "ಸದ್ಯಕ್ಕೆ ಬೇಡ" ಎಂದರು.

ಐದನೆಯ ದಿನ ಆಗಬಾರದ್ದು ಆಯಿತು. ತಮ್ಮಂದಿರಿಬ್ಬರೂ ಮೇಲೆ ನಿಂತು ಗಾರೆ ತುಂಬಿದ ಬಾಂಡ್ಲಿಯನ್ನು ಹಗ್ಗದಲ್ಲಿ ಎಳೆಯುತ್ತಿದ್ದರು. ಇವರಿಗೆ ಗಂಟಿನ ಮೇಲೆ ಅನುಮಾನ ಬಂತು. ಒಂದು ಸಲ ಊದಿದರು. ಬಾಂಡ್ಲಿ ನಡುದಾರಿಯಲ್ಲಿ ನಿಂತಿತು. ಕೆಳಗೆ ಯಾರೂ ನಿಲ್ಲಬಾರದು ಎಂದು ನಿಯಮ ಮಾಡಿದ ಇದೇ ಮಹಾಶಯರು ಸರಿಯಾಗಿ ಅದರ ಕೆಳಗೇ ನಿಂತು ಕತ್ತೆತ್ತಿದರು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ನನ್ನ ಕುಕ್ಕರ್ ಎರಡು ಸಲ ಕೂಗಿತು.

"ರೈಟ್!" ಎಂದ ದೊಡ್ಡ ತಮ್ಮ. ಇಬ್ಬರೂ ಒಟ್ಟಿಗೆ ಹಗ್ಗ ಜಗ್ಗಿದರು. ಬಾಂಡ್ಲಿ ವಾಲಿತು.

ನಾನು ಓಡಿ ಬಂದು ನೋಡಿದರೆ ಯಜಮಾನರ ಜಾಗದಲ್ಲಿ ಮೀಸೆ ಇರುವ ಗೋಡೆ ನಿಂತಿದೆ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಬಾಯಲ್ಲಿದ್ದ ಗಾರೆ ಉಗಿದು ಅವರು ಕೇಳಿದ ಮೊದಲ ಮಾತು, "ಮೂರೂ ಜನ ಸರಿಯಾಗಿದೀರಾ?"

ಮೇಸ್ತ್ರಿ ಹೆಲ್ಮೆಟ್ ತೆಗೆದು ಕೆಳಗಿಟ್ಟ. "ಸಾರ್, ಒಂದು ಕೆಲಸಕ್ಕೆ ಹೇಳೋನು ಒಬ್ಬನೇ ಇರ್ಬೇಕು. ಇಲ್ಲಿ ಮೂರು ಜನ ಆಗಿದೀವಿ. ನಾನು, ನೀವು, ಅಕ್ಕನ ಕುಕ್ಕರ್. ಸೀಟಿ ನನ್ನ ಕೈಗೆ ಬರೋ ತನಕ ನಾವು ಬರಲ್ಲ."

ಬರಲೇ ಇಲ್ಲ. ನಾಲ್ಕು ದಿನ ನನ್ನ ಕೋಣೆ ಸೂರಿಲ್ಲದೆ ಆಕಾಶ ನೋಡುತ್ತ ಬಿದ್ದಿತ್ತು. ನನಗೆ ಮೈಯೆಲ್ಲ ಉರಿ.

"ಆ ಪೀಪಿ ಕೊಟ್ಟುಬಿಡ್ರೀ! ನನ್ನ ಕೋಣೆಗಿಂತ ಅದು ಹೆಚ್ಚಾ?"

ಸೀಟಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಹೇಳಿದರು. "ಒಂದ್ಸಲ ಅವಸರದಲ್ಲಿ ರೈಟ್ ಹೇಳ್ಬಿಟ್ಟೆ ಕಣೇ. ಅಜ್ಜಿ ಒಬ್ಬಳು ಇನ್ನೂ ಮೆಟ್ಟಿಲ ಮೇಲಿದ್ಲು. ಬಿದ್ದು ಕಾಲು ಮುರ್ಕೊಂಡ್ಲು. ಆಮೇಲಿಂದ ಇದನ್ನ ಯಾರ ಕೈಗೂ ಕೊಟ್ಟಿಲ್ಲ."

ನನಗೆ ಅಯ್ಯೋ ಅನ್ನಿಸಿತು. ಆದರೆ ಕೋಪ ಇಳಿದಿರಲಿಲ್ಲ, ಮರುಕ ತೋರಿಸಿಕೊಳ್ಳಲಿಲ್ಲ. ಗಿರಾಕಿಯ ಬಟ್ಟೆ ಬೇಕಿತ್ತು. ಎಂದಿನಂತೆ ಕುರ್ಚಿಯ ಮೇಲೆ ಸ್ಟೂಲು ಇಟ್ಟು, ಅದರ ಗಿಡ್ಡ ಕಾಲಿಗೆ ಮಡಿಸಿದ ರಟ್ಟು ಕೊಟ್ಟು, ಮೇಲೆ ಹತ್ತಿ ಅಟ್ಟಕ್ಕೆ ಕೈಹಾಕಿದೆ. ಪಕ್ಕದಲ್ಲೇ ಯಜಮಾನರು ಕೂತು ಅದೇ ಕಾಗದದಿಂದ ಕೆಲಸಗಾರರ ಸುರಕ್ಷತೆಯನ್ನು ಗಟ್ಟಿಯಾಗಿ ಓದುತ್ತಿದ್ದರು.

ಪೀಈಈ! ಬೆಚ್ಚಿ ಅಟ್ಟವನ್ನು ತಬ್ಬಿಕೊಂಡೆ.

ಕರಣೆ ಒಯ್ಯಲು ಬಂದ ಮೇಸ್ತ್ರಿ ಮೊಳೆಗೆ ನೇತಾಡುತ್ತಿದ್ದ ಸೀಟಿ ಎತ್ತಿ ಊದಿದ್ದ. "ಅಕ್ಕಾ, ಅಲುಗಾಡ್ಬೇಡಿ" ಎಂದವನೇ ಬಂದು ಸ್ಟೂಲು ಹಿಡಿದ. ಆಮೇಲೆ ಇವರ ಕಡೆ ತಿರುಗಿದ. "ಸಾರ್, ಈ ಮನೇಲಿ ಕೆಲಸ ಮಾಡೋರು ಮೂರೇ ಜನ ಅಂತ ನಿಮಗೆ ಯಾರು ಹೇಳಿದ್ದು?"

ಯಜಮಾನರು ಕಾಗದ ನೋಡಿದರು, ಸ್ಟೂಲು ನೋಡಿದರು, ನನ್ನನ್ನು ನೋಡಿದರು. ಎದ್ದು ಬಂದು ಎರಡೂ ಕೈಯಿಂದ ಸ್ಟೂಲು ಹಿಡಿದರು. "ಸೀಟಿ ನಿನ್ನ ಹತ್ರಾನೇ ಇರ್ಲಿ ಮೇಸ್ತ್ರಿ" ಎಂದರು. ಧ್ವನಿ ಯಾಕೋ ಸಣ್ಣಗಾಗಿತ್ತು.

ಕೋಣೆಗೆ ಸೂರು ಬಿತ್ತು. ಕೆಲಸ ಮುಗಿದ ಮೇಲೆ ಪರವಾನಗಿ ಕೊಟ್ಟ ಕಚೇರಿಯ ಅಧಿಕಾರಿ ನೋಡಲು ಬಂದರು. ಏಣಿ, ಮಹಡಿಯಂಚಿನ ಕಟಾಂಜನ ಎಲ್ಲವನ್ನೂ ಅಲ್ಲಾಡಿಸಿ ನೋಡಿ, ತಲೆ ಎಣಿಸಿದ ಪುಸ್ತಕ ತಿರುವಿದರು.

"ಮೊದಲೆಲ್ಲ ಮೂರು ಅಂತಿದೆ. ಆಮೇಲೆ ದಿನಾ ನಾಲ್ಕು. ನಾಲ್ಕನೆಯೋರು ಯಾರು?"

"ನಮ್ಮ ಮನೆಯವಳು ಸಾರ್."

"ಅವರು ಯಾವಾಗ ಕೆಲಸಕ್ಕೆ ಸೇರಿದ್ದು?"

"ಮೂವತ್ತೊಂದು ವರ್ಷ ಆಯ್ತು" ಎಂದರು ನಮ್ಮವರು. "ಬರೆಯೋದು ತಡ ಆಯ್ತು."

ನಾನು ಕುಕ್ಕರ್ ನೋಡುವ ನೆಪ ಮಾಡಿ ಕೆಳಗಿಳಿದು ಹೋಗಿ ಕಣ್ಣೊರೆಸಿಕೊಂಡೆ.

ಮೇಸ್ತ್ರಿ ಹೋಗುವಾಗ ಸೀಟಿಯನ್ನು ನನ್ನ ಕೈಗೆ ಕೊಟ್ಟುಹೋದ. ಈಗ ಮೇಲಿನ ಕೋಣೆಯಲ್ಲಿ ನನ್ನ ಮಷೀನು, ಸುತ್ತ ಗಂಟುಗಳು. ಎತ್ತರದ ಕಪಾಟಿನಿಂದ ಏನಾದರೂ ಬೇಕಾದರೆ ಒಂದು ಸಲ ಊದುತ್ತೇನೆ. ಕೆಳಗೆ ಪೇಪರ್ ಓದುತ್ತಿದ್ದವರು ಹೆಲ್ಮೆಟ್ ಏರಿಸಿಕೊಂಡು ಓಡಿಬಂದು ಸ್ಟೂಲು ಹಿಡಿಯುತ್ತಾರೆ. ನಾನು ಇಳಿದು ಎರಡು ಸಲ ಊದುವ ತನಕ ಬಿಡುವ ಹಾಗಿಲ್ಲ. ಕೆಲವು ದಿನ ಬೇಕೆಂದೇ ತಡ ಮಾಡುತ್ತೇನೆ.