ಸಿಮೆಂಟಿನ ತಿರುವಿಗೆ ಗದ್ದೆಯ ಟೈರು

ಧರ್ಮನಿಗೆ ಹನ್ನೊಂದು ದಿನದ ಕೂಲಿ ಬರಬೇಕು. ದಿನಕ್ಕೆ ಏಳುನೂರರಂತೆ ಏಳು ಸಾವಿರದ ಏಳುನೂರು ರೂಪಾಯಿ. ಕೊಡಬೇಕಾದ ಎಸ್ಟೇಟು ವನಗೂರಿನ ಮೇಲಿದೆ. ಕೇಳಿದರೆ ಟೈರಿನ ಬಾಬ್ತು ಹಿಡಿದುಕೊಂಡಿದ್ದೇವೆ ಎನ್ನುತ್ತಾರೆ. ಆ ಟೈರನ್ನು ಆರಿಸಿದವನು ಧರ್ಮನೇ. ಆರಿಸಿದ್ದು ತಪ್ಪು. ಅದನ್ನು ಮುಚ್ಚಿಟ್ಟು ಅವನ ಪರ ಬರೆಯುವುದು ನನಗೆ ಬೇಕಿಲ್ಲ.

ಧರ್ಮ ಆಲೂರು ಕಡೆಯ ಗದ್ದೆಗಳಲ್ಲಿ ಟ್ರ್ಯಾಕ್ಟರು ಕಲಿತವನು. ವಯಸ್ಸು ನಲವತ್ತಾರು. ಈ ಎಸ್ಟೇಟಿನ ಸಣ್ಣ ಟ್ರ್ಯಾಕ್ಟರನ್ನು ಆರು ವರ್ಷ ಓಡಿಸಿದ. ಹಣ್ಣು ಕೊಯ್ಯುವ ಕಾಲದಲ್ಲಿ, ಸಂಜೆ, ಮೇಲಿನ ತೋಟದಿಂದ ಕಾಫಿ ಹಣ್ಣಿನ ಮೂಟೆಗಳನ್ನೂ ಅವನ್ನು ಕೊಯ್ದ ಹದಿನಾಲ್ಕು ಹೆಂಗಸರನ್ನೂ ಟ್ರೈಲರಿನಲ್ಲಿ ಕೆಳಗಿನ ಕಣಕ್ಕೆ ತರುವುದು ಅವನ ಕೆಲಸ. ಹದಿನಾಲ್ಕರಲ್ಲಿ ಅವನ ಹೆಂಡತಿ ಚಂದ್ರಿಕಾಳೂ ಒಬ್ಬಳು. ಟ್ರೈಲರಿನಲ್ಲಿ ಆಳು ಕೂರಿಸುವುದು ಕಾನೂನಿಗೆ ವಿರುದ್ಧ. ಎಲ್ಲರಿಗೂ ಗೊತ್ತು, ಎಲ್ಲರೂ ಕೂರಿಸುತ್ತಾರೆ.

ಆ ಇಳಿಜಾರಿನ ಮೇಲಿನ ಮುಕ್ಕಾಲು ಭಾಗ ಕೆಮ್ಮಣ್ಣು. ಕೊನೆಯ ತಿರುವಿಗೆ ಮಾತ್ರ ಸಿಮೆಂಟು ಹಾಕಿದ್ದಾರೆ. ಮರದ ನೆರಳಿಗೆ ಅಲ್ಲಿ ಬಿಸಿಲು ಬೀಳುವುದಿಲ್ಲ, ಪಾಚಿ ಕಟ್ಟಿರುತ್ತದೆ. ಒಂದು ಕಡೆ ಗೋಡೆಯಂತೆ ಕಡಿದ ಮಣ್ಣಿನ ದರೆ, ಇನ್ನೊಂದು ಕಡೆ ಹಳ್ಳ.

ನವೆಂಬರಿನಲ್ಲಿ ಹಿಂದಿನ ಎರಡು ಟೈರೂ ಬೋಳಾದವು. ಧರ್ಮನೂ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಸುರೇಂದ್ರನೂ ಬಾಳ್ಳುಪೇಟೆಗೆ, ಯಾಕೂಬನ ಟೈರ್ ಅಂಗಡಿಗೆ ಹೋದರು. ಯಾಕೂಬ್ ಎರಡು ಬಗೆಯ ಟೈರು ಉರುಳಿಸಿ ತಂದು ನಿಲ್ಲಿಸಿದ. ಒಂದರ ಹಲ್ಲು ಉದ್ದ, ನಡುವೆ ಅಗಲವಾದ ಸಂದು. ಕೆಸರುಗದ್ದೆಗೆಂದೇ ಮಾಡಿದ್ದು. ಇನ್ನೊಂದರ ಹಲ್ಲು ಗಿಡ್ಡ, ದಪ್ಪ, ಒತ್ತೊತ್ತು. ಮಣ್ಣಿಗೂ ರಸ್ತೆಗೂ ನಡೆಯುವಂಥದ್ದು. ಸುರೇಂದ್ರ ಗಿಡ್ಡ ಹಲ್ಲಿನದಕ್ಕೆ ಕೈ ತೋರಿಸಿದ, ಅದು ಬೇಗ ಸವೆಯುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಧರ್ಮ ಗದ್ದೆಯವರ ಅಳತೆ ಹಿಡಿದ. ಹಲ್ಲಿನ ಸಂದಿಗೆ ತೋರುಬೆರಳು ಇಳಿಸಿದ.

"ಎರಡು ಗೆಣ್ಣು ಮುಳುಗ್ತು ನೋಡಿ ರೈಟ್ರೇ. ಇದು ಟೈರು. ಅದ್ರಲ್ಲಿ ಒಂದು ಗೆಣ್ಣೂ ಮುಳುಗಾಕಿಲ್ಲ."

"ಧರ್ಮಣ್ಣ, ನಿಮ್ ದಾರೀಲಿ ಸಿಮೆಂಟು ಐತಾ?" ಯಾಕೂಬ್ ಕೇಳಿದ.

"ಒಂದು ತಿರುವು ಐತೆ. ಐವತ್ತು ಮಾರು ಇರ್ಬೋದು."

"ಹಂಗಾದ್ರೆ ಆ ಐವತ್ತು ಮಾರು ಲೆಕ್ಕಕ್ಕೆ ಹಿಡಿ. ಉದ್ದ ಹಲ್ಲು ಮಣ್ಣಿಗೆ ಇಳೀತದೆ, ಸಿಮೆಂಟಿಗೆ ಎಲ್ಲಿ ಇಳೀತದೆ?"

"ಸಿಮೆಂಟು ಗಟ್ಟಿ ನೆಲ ಮಾರಾಯ. ಗಟ್ಟಿ ನೆಲದಲ್ಲಿ ಯಾರು ಜಾರ್ತಾರೆ?"

"ನಮ್ ಬಚ್ಚಲಿಗೆ ಬಾ, ತೋರುಸ್ತೀನಿ."

ಧರ್ಮ ನಗಲಿಲ್ಲ. "ಸವೆಯೋ ಲೆಕ್ಕ ನಿಮ್ದು ರೈಟ್ರೇ. ಹಿಂದೆ ಕೂತಿರೋರ ಜೀವ ನನ್ ಕೈಲೈತೆ" ಎಂದ. ನಮ್ಮ ತೋಟ ಕಾರ್ಮಿಕರ ಸಂಘದಿಂದಲೂ ಮಾಲೀಕರಿಗೆ ಫೋನು ಹೋಯಿತು, ಓಡಿಸುವವನ ಮಾತು ಕೇಳಿ ಎಂದು. ಉದ್ದ ಹಲ್ಲಿನದೇ ಬಂತು.

ಡಿಸೆಂಬರಿನಲ್ಲಿ ಬರಬಾರದ ಮಳೆ ಬಂತು. ಕೆಮ್ಮಣ್ಣಿನ ಇಳಿಜಾರಿನಲ್ಲಿ ಹೊಸ ಟೈರು ಬೆಕ್ಕಿನಂತೆ ನೆಲ ಕಚ್ಚಿ ಇಳಿಯಿತು. ಧರ್ಮನಿಗೆ ಹೆಮ್ಮೆ. ಮೂರನೆಯ ಸಂಜೆ ಸಿಮೆಂಟಿಗೆ ಬರುತ್ತಿದ್ದಂತೆ ಹಿಂದಿನ ಚಕ್ರಗಳು ಕೈಬಿಟ್ಟವು. ಗೇರು ಒಂದರಲ್ಲೇ ಇತ್ತು, ಬ್ರೇಕೂ ಹಿಡಿದಿತ್ತು. ಚಕ್ರ ಉರುಳುತ್ತಿಲ್ಲ, ಟ್ರ್ಯಾಕ್ಟರು ಮಾತ್ರ ಹೋಗುತ್ತಿದೆ. ಹಿಂದಿನಿಂದ ಟ್ರೈಲರು ನೂಕಿ ಅಡ್ಡಕ್ಕೆ ತಿರುಗಿಸಿತು. ಧರ್ಮ ಸ್ಟೀರಿಂಗನ್ನು ದರೆಯ ಕಡೆ ಎಳೆದ. ಮುಂದಿನ ಚಕ್ರ ಚರಂಡಿಗೆ ಬಿದ್ದು ನಿಂತಿತು. ಟ್ರೈಲರಿನ ಹಿಂದಿನ ಮೂಲೆಗೂ ಹಳ್ಳಕ್ಕೂ ನಡುವೆ ಒಂದು ಮೊಳ ಉಳಿದಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಹಿರಿಯಳಾದ ಹುಲಿಯಮ್ಮ ಮೂಟೆಯ ಮೇಲಿಂದಲೇ, "ಏನ್ಲಾ ಧರ್ಮ, ಗಾಣ ತಿರುಗಿಸ್ದಂಗೆ ತಿರುಗಿಸ್ಬುಟ್ಟೆ. ಮೊದ್ಲೇ ಹೇಳಿದ್ರೆ ಎಲೆ ಅಡಿಕೆ ಬಾಯಿಗೆ ಹಾಕ್ಕೊತಿರಲಿಲ್ಲ, ಎಲ್ಲಾ ನುಂಗ್ಬುಟ್ಟೆ" ಎಂದಳು. ಹೆಂಗಸರು ನಕ್ಕರು. ಚಂದ್ರಿಕಾ ನಗಲಿಲ್ಲ. ಅವಳು ಹಳ್ಳದ ಕಡೆಯ ಮೂಲೆಯಲ್ಲಿ ಕೂತಿದ್ದಳು.

ಧರ್ಮ ಇಳಿದು, ನಡೆದು ಮೇಲೆ ಹೋಗಿ ನೋಡಿದ. ಮಣ್ಣಿನಲ್ಲಿ ಟೈರಿನ ಗುರುತು ಇಡಿಯಾಗಿ, ಆಳವಾಗಿ ಬಿದ್ದಿತ್ತು. ಸಿಮೆಂಟಿನ ಮೇಲೆ ಬಿದ್ದದ್ದು ಬರೀ ಗೀರು. ಹಲ್ಲಿನ ತುದಿಯಷ್ಟೇ ನೆಲ ಮುಟ್ಟಿತ್ತು, ಸಂದುಗಳಿರುವಲ್ಲೆಲ್ಲ ಪಾಚಿ ಹಸಿರಾಗಿಯೇ ಉಳಿದಿತ್ತು. ಅಷ್ಟು ಗಾತ್ರದ ಟೈರಿಗೆ ನೆಲ ಹಿಡಿಯಲು ಸಿಕ್ಕಿದ್ದು ಅಂಗೈಯಷ್ಟು ರಬ್ಬರು.

ಮರುದಿನದಿಂದ ಸಿಮೆಂಟಿಗೆ ಮೊದಲೇ ನಿಲ್ಲಿಸಿ ಎಲ್ಲರನ್ನೂ ಇಳಿಸತೊಡಗಿದ. ಹೆಂಗಸರೇ ಬೈದರು. ಕೂಲಿ ಕೊಯ್ದ ತೂಕದ ಮೇಲೆ, ತೂಗುವುದು ಕೆಳಗಿನ ಕಣದಲ್ಲಿ.

"ನಮ್ ಮೂಟೆ ಮುಂದೆ ಹೋಗ್ಬುಟ್ರೆ ತಕ್ಕಡಿ ಮುಳ್ಳು ನೋಡೋರ್ಯಾರು? ನೀನಾ?" ಎಂದಳು ಹುಲಿಯಮ್ಮ.

"ನೀವು ಬರೋಗಂಟ ಒಂದು ಮೂಟೇನೂ ಇಳ್ಸಾಕಿಲ್ಲ ಕಣಕ್ಕ."

ಕೊಟ್ಟ ಮಾತಿನಂತೆ ಕಾದ. ದಿನಾ ಅರ್ಧ ಗಂಟೆ ತಡವಾಯಿತು. ಐದನೆಯ ದಿನ ಸುರೇಂದ್ರ ಕಣದಲ್ಲೇ ಹಿಡಿದ.

"ಏನಯ್ಯಾ, ಈ ಟೈರು ಆರಿಸಿದ್ದು ನೀನೇ ತಾನೆ?"

"ನಾನೇ. ತಪ್ಪಾಗೈತೆ. ಗಿಡ್ಡ ಹಲ್ಲಿನದು ಹಾಕ್ಸಿಕೊಡಿ."

"ಊರೆಲ್ಲಾ ಜಗಳ ಮಾಡಿ ತರ್ಸಿದೆ. ಈಗ ಮತ್ತೆ ಯಾರಪ್ಪನ ದುಡ್ಡು?"

"ನನ್ ಕೂಲೀಲಿ ಮುರ್ಕಳಿ. ಟೈರು ಬದಲಾಯ್ಸಿ. ಅಲ್ಲೀಗಂಟ ಜನ ಕೂರ್ಸಾಕಿಲ್ಲ."

ತನ್ನ ಕೈಯಿಂದಲೇ ತಪ್ಪಾಗಿದೆ ಎಂದು ಹದಿನಾಲ್ಕು ಹೆಂಗಸರ ಎದುರು ಒಬ್ಬ ಡ್ರೈವರು ಹೇಳುವುದು ಸಣ್ಣ ಮಾತಲ್ಲ. ಸುರೇಂದ್ರನಿಗೆ ಕೇಳಿಸಿದ್ದು ಮುರಿದುಕೊಳ್ಳಿ ಎಂಬುದೊಂದೇ. ಬಟವಾಡೆಯ ದಿನ ಹನ್ನೊಂದು ದಿನದ ಕೂಲಿ ಮುರಿದ. ಟೈರು ಬದಲಾಯಿಸಲಿಲ್ಲ. ಕೊಯ್ಲು ಮುಗಿಯಲಿ ನೋಡೋಣ, ಅಲ್ಲಿಯವರೆಗೆ ಜನ ಕೂರಿಸು, ಇಲ್ಲ ಕೀ ಕೊಡು ಎಂದ. ಧರ್ಮ ಕೀ ಕೊಟ್ಟ.

ಈಗ ಆ ಟ್ರ್ಯಾಕ್ಟರನ್ನು ಶಿವು ಎಂಬ ಹೊಸಬ ಓಡಿಸುತ್ತಾನೆ. ಸಿಮೆಂಟಿನ ಮುಂಚೆ ನಿಲ್ಲಿಸುವುದಿಲ್ಲ. ಮೊದಲೇ ಹಾರಿಕೊಂಡು ಇಳಿದವರು ನಡೆದು ಬರುವಷ್ಟರಲ್ಲಿ ತೂಕ ಮುಗಿದಿರುತ್ತದೆ. ಹುಲಿಯಮ್ಮ ತೂಕ ಹೋದರೂ ನಡೆಯುತ್ತಾಳೆ. ಚಂದ್ರಿಕಾ ಒಂದು ದಿನ ಇಳಿಯುತ್ತಾಳೆ, ಒಂದು ದಿನ ಕೂರುತ್ತಾಳೆ. ಗಂಡನ ದುಡಿಮೆ ನಿಂತಿರುವಾಗ ಅವಳಿಗೆ ಒಂದೊಂದು ಕಿಲೋವೂ ಲೆಕ್ಕಕ್ಕೆ ಬರುತ್ತದೆ. ಧರ್ಮ ಕೇಳುವುದಿಲ್ಲ. ಕೇಳಿದರೆ ಅವಳು ನಿಜ ಹೇಳಿಬಿಡುತ್ತಾಳೆ ಎಂಬ ಭಯ. ಅವಳು ಮನೆಗೆ ಬಂದು ಕಾಲು ತೊಳೆಯುವ ಮುಂಚೆ ಪಾದ ನೋಡುತ್ತಾನೆ. ಬೆರಳ ಸಂದಿಯಲ್ಲಿ ಪಾಚಿ ಇದ್ದರೆ ಆ ದಿನ ಊಟ ಸೇರುತ್ತದೆ. ನಿನ್ನೆ ಅವಳ ಕಾಲು ಒಣಗಿತ್ತು. ಇವತ್ತು ಮತ್ತೆ ಮೋಡ ಹಾಕಿದೆ.

ಇದನ್ನು ಓದುವವರಲ್ಲಿ ತೋಟ ಇರುವವರಿದ್ದೀರಿ, ಟ್ರ್ಯಾಕ್ಟರು ಇರುವವರಿದ್ದೀರಿ. ನಿಮ್ಮ ದಾರಿಯ ಅತಿ ಕೆಟ್ಟ ಐವತ್ತು ಮಾರು ಯಾವುದೆಂದು ನಡೆದು ನೋಡಿ, ಅದಕ್ಕೆ ತಕ್ಕ ಟೈರು ಹಾಕಿಸಿ. ಹಾಕಿಸಿದ ಮೇಲೂ ಟ್ರೈಲರು ಮೂಟೆಗೆ, ಮನುಷ್ಯರಿಗಲ್ಲ. ಕೊಯ್ಯುವವರಿಗೆ ಜೀಪು ಕೊಡಿ. ಜೀಪು ಬರುವವರೆಗೆ ತಕ್ಕಡಿಯನ್ನು ಮೇಲಕ್ಕೆ ಒಯ್ದು ಕೊಯ್ದಲ್ಲೇ ತೂಗಿ, ಅವರು ನಿಶ್ಚಿಂತೆಯಿಂದ ನಡೆದು ಇಳಿಯಲಿ. ನಾಳೆಯಿಂದಲ್ಲ, ಇವತ್ತು ಸಂಜೆಯ ಗಾಡಿಯಿಂದಲೇ ಅವರನ್ನು ಇಳಿಸಿ.