ಡೊರೊತಿ ನಮ್ಮಪ್ಪನನ್ನು ಕಾಪಾಡಿದ್ದು

ಕೆನಡಾದ ಒಬ್ಬ ಅಜ್ಜಿ ಈಚೆಗೆ ನಮ್ಮಪ್ಪನನ್ನು ಕಾಪಾಡಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ.

ಗಾಬರಿಯಾಗಬೇಡಿ. ಅಪ್ಪ ಸಮುದ್ರಕ್ಕೇನೂ ಬಿದ್ದಿರಲಿಲ್ಲ. ಸ್ಯಾನ್ ಡಿಯಾಗೋದ ನಮ್ಮ ಮನೆಯಲ್ಲಿ, ಊಟದ ಟೇಬಲ್ ಮುಂದೆ ಕಾಫಿ ಲೋಟ ಹಿಡಿದು ಕೂತು ಐಪ್ಯಾಡಿನ ಆನ್‌ಲೈನ್ ಕ್ಯಾಸಿನೋದಲ್ಲಿ ಬ್ಲ್ಯಾಕ್‌ಜ್ಯಾಕ್ ಆಡುತ್ತಿದ್ದರು. (ಹುಬ್ಬೇರಿಸಬೇಡಿ. ಇದರಲ್ಲಿ ಡಾಲರ್ ಇಲ್ಲ, ಬರೀ ಪುಕ್ಕಟೆ ಚಿಪ್ಸ್. ಗೆದ್ದರೆ ಒಂದು ದೋಸೆಯೂ ಸಿಗುವುದಿಲ್ಲ, ಸೋತರೆ ಮನೆ ಮಾರುವುದೂ ಬೇಡ.) ವಿಡಿಯೋದಲ್ಲಿ ಎಲೆನಾ ಎಂಬ ಹುಡುಗಿ ಕಾರ್ಡ್ ಹಂಚುತ್ತಾಳೆ. ಕಾರ್ಡುಗಳ ಮೊತ್ತ ಇಪ್ಪತ್ತೊಂದನ್ನು ದಾಟಬಾರದು, ದಾಟಿದರೆ ಔಟ್. ಆಡುತ್ತಾ ಹರಟಲು ಪಕ್ಕದಲ್ಲೊಂದು ಚಾಟ್ ಬಾಕ್ಸ್. ಇಷ್ಟೇ ಆಟ.

ಎಲೆನಾಳ ಆ ಆಟದ ಟೇಬಲ್ಲಿಗೆ ಬರುವವರು ಹೆಚ್ಚುಕಮ್ಮಿ ಎಲ್ಲರೂ ಕೆನಡಾದವರು. ಅಪ್ಪನನ್ನು ಅಲ್ಲಿಗೆ ಎಳೆದು ತಂದದ್ದು ನಮ್ಮ ಶಂಕರ ಮಾವ. ಅಮ್ಮನ ತಮ್ಮ, ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿದ್ದಾರೆ. ಶನಿವಾರ ಅಲ್ಲಿ ಮಧ್ಯಾಹ್ನದ ಊಟದ ಹೊತ್ತು, ಇಲ್ಲಿ ಬೆಳಗಿನ ಎರಡನೇ ಕಾಫಿ. ಇಬ್ಬರೂ ಅಕ್ಕಪಕ್ಕದ ಸೀಟು ಹಿಡಿದು ಕೂರುತ್ತಾರೆ.

ಕೆನಡಾದವರ ಚಾಟ್ ಮರ್ಯಾದೆ ನೋಡಿದರೆ ನಮಗೆ ನಾಚಿಕೆಯಾಗಬೇಕು. ಬಂದ ತಕ್ಷಣ ಎಲ್ಲರಿಗೂ ನಮಸ್ಕಾರ. ಹೋಗುವಾಗ ಎಲೆನಾಗೆ ಥ್ಯಾಂಕ್ಸ್. ಗೆದ್ದರೆ ಸಾರಿ ಕೇಳುತ್ತಾರೆ. (ಗೆದ್ದದ್ದಕ್ಕೆ ಯಾಕೆ ಸಾರಿ? ನನಗೂ ಗೊತ್ತಿಲ್ಲ.) ಟೇಬಲ್ಲಿನ ನಿಯಮಗಳೂ ಖಡಕ್ಕು. ಇಂಗ್ಲಿಷಿನಲ್ಲೇ ಬರೆಯಬೇಕು. ಕೇಳದೆ ಬುದ್ಧಿ ಹೇಳಬಾರದು. ಡೀಲರಿಗಾಗಲಿ, ಪಕ್ಕದವರಿಗಾಗಲಿ ಹೀನಾಯವಾಗಿ ಮಾತಾಡಬಾರದು. ನಾನು ಈ ನಿಯಮಗಳ ಪರ, ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಯಾರೋ ಒಬ್ಬ ಕಾರ್ಡ್ ಕೈಕೊಟ್ಟಿತೆಂದು ಎಲೆನಾಗೆ ಬಾಯಿಗೆ ಬಂದಂತೆ ಬೈದ. ಅವಳು ನಗುಮುಖ ಬಿಡದೆ ಮುಂದಿನ ಕಾರ್ಡ್ ತೆಗೆದಳು. ಅವನನ್ನು ಹೊರಗೆ ಹಾಕಿದಾಗ ನಾನು ಅಡುಗೆಮನೆಯಿಂದಲೇ ಸಂತೋಷಪಟ್ಟೆ.

ಈಗ ಶಂಕರ ಮಾವನ ವಿಷಯಕ್ಕೆ ಬನ್ನಿ.

ಅಪ್ಪ ಹದಿನೆಂಟು ಇಟ್ಟುಕೊಂಡು ಇನ್ನೊಂದು ಕಾರ್ಡ್ ಕೇಳಿ ಔಟ್ ಆಗುತ್ತಾರೆ. ಮಾವ ಚಾಟ್‌ನಲ್ಲಿ ಬರೆಯುತ್ತಾರೆ: "ಎಲೆನಾ, ಈ ಮುದುಕನಿಗೆ ಕೂಡೋದು ಕಲಿಸು. ತಾನು ಎಂಜಿನಿಯರ್ ಅಂತ ಹೇಳಿಕೊಂಡು ತಿರುಗುತ್ತಾನೆ." ಮುಂದಿನ ಸುತ್ತಿನಲ್ಲಿ: "ಇದೇ ಲೆಕ್ಕ ಹಾಕಿ ಕಟ್ಟಿದ ಸೇತುವೆಗಳ ಮೇಲೆ ಜನ ಇನ್ನೂ ಓಡಾಡುತ್ತಿದ್ದಾರಾ?" ಎಲ್ಲವೂ ಶುದ್ಧ ಇಂಗ್ಲಿಷಿನಲ್ಲಿ. ನಿಯಮ ನೋಡಿ.

ಅಪ್ಪ ಎದುರುತ್ತರ ಬರೆಯುವುದಿಲ್ಲ. ಅವರು ಒಂದು ಬೆರಳಿನಲ್ಲಿ ಟೈಪ್ ಮಾಡುವವರು. ಉತ್ತರ ಹುಡುಕಿ ಬರೆಯುವಷ್ಟರಲ್ಲಿ ಎರಡು ಸುತ್ತು ಮುಗಿದಿರುತ್ತದೆ. ಬದಲಿಗೆ ನಗುತ್ತಾರೆ. ಎಂಥ ನಗು ಅಂತೀರಿ, ಲೋಟದ ಕಾಫಿ ತುಳುಕುತ್ತದೆ. ಆದರೆ ನಗು ಚಾಟ್ ಬಾಕ್ಸಿನಲ್ಲಿ ಕೇಳಿಸುತ್ತದೆಯೇ? ನನ್ನ ಅಡುಗೆಮನೆ ತನಕ ಬರುತ್ತದೆ, ಕೆನಡಾ ತನಕ ಹೋಗುವುದಿಲ್ಲ.

ಸಸ್ಕ್ಯಾಚುವನ್‌ನ ಡೊರೊತಿ ಆ ಟೇಬಲ್ಲಿನ ಹಿರಿಯಜ್ಜಿ. ಅವರಿಗೆ ಕಂಡದ್ದೇನು? ಪಾಪದ ಒಬ್ಬ ವಯಸ್ಸಾದ ಮನುಷ್ಯ. ಪಕ್ಕದಲ್ಲೊಬ್ಬ ಒರಟ ಪ್ರತಿ ಶನಿವಾರ ಅವನ ವಯಸ್ಸು, ವಿದ್ಯೆ, ವೃತ್ತಿ ಎಲ್ಲವನ್ನೂ ಹೀಯಾಳಿಸುತ್ತಾನೆ. ಪಾಪದವನು ತುಟಿಪಿಟಕ್ಕೆನ್ನದೆ ಸಹಿಸುತ್ತಾನೆ. ಡೊರೊತಿ ಎಷ್ಟು ದಿನ ನೋಡಿಯಾರು? ರಿಪೋರ್ಟ್ ಮಾಡಿದರು. ಕ್ಯಾಸಿನೋದವರು ಹಳೆಯ ಚಾಟ್ ತೆಗೆದು ನೋಡಿದರು. ಮಾವನ ಚಾಟ್ ಬಂದ್.

ಮುಂದಿನ ಶನಿವಾರ ಡೊರೊತಿ ಅಪ್ಪನಿಗೆ ಬರೆದರು: "ಸರ್, ಇನ್ನು ನಿಮಗೆ ಆ ಮನುಷ್ಯನ ಕಾಟ ಇರುವುದಿಲ್ಲ. ನಾನೇ ದೂರು ಕೊಟ್ಟೆ."

ಅಪ್ಪ ಬಹಳ ಹೊತ್ತು ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಉತ್ತರ ಬರೆದರು. ಏನು ಬರೆದಿರಬಹುದು?

"ಥ್ಯಾಂಕ್ ಯೂ, ಮೇಡಂ."

"ಅಪ್ಪಾ, ಥ್ಯಾಂಕ್ಸ್ ಯಾಕೆ ಹೇಳಿದ್ರಿ?" ಅಂತ ನಾನು ತಲೆ ಚಚ್ಚಿಕೊಂಡೆ.

"ಮತ್ತಿನ್ನೇನು ಹೇಳ್ಲಿ? ಪಾಪ, ದೊಡ್ಡೋರು. ನನಗೋಸ್ಕರ ಇಷ್ಟು ಮಾಡಿದ್ದಾರೆ. ಬೇಡಾಗಿತ್ತು ಅಂದ್ರೆ ಬೇಜಾರು ಮಾಡ್ಕೊಳಲ್ವಾ?"

ಇದು ನಮ್ಮವರು ಮಾತ್ರ ಮಾಡುವ ಕೆಲಸ. ಬಡಿಸಿದವರಿಗೆ ಬೇಜಾರಾಗುತ್ತದೆಂದು ಮೂರನೇ ಹೋಳಿಗೆ ತಿನ್ನುವ ಜನ ನಾವು. ಕಾಪಾಡಿದವರಿಗೆ ಬೇಜಾರಾಗುತ್ತದೆಂದು ಅಪ್ಪ ಭಾಮೈದನನ್ನೇ ಬಿಟ್ಟುಕೊಟ್ಟರು.

ನನ್ನ ಮಗಳು ಅನು ಇಲ್ಲೇ ಹುಟ್ಟಿದವಳು. ಚಾಟ್ ಓದಿ ತೀರ್ಪು ಕೊಟ್ಟಳು: "ಬಟ್ ಅಮ್ಮಾ, ಹಿ ವಾಸ್ ಸೋ ಮೀನ್ ಟು ತಾತ." ಅವಳಿಗೆ ಕನ್ನಡ ಅರ್ಥವಾಗುತ್ತದೆ. ಭಾವ-ಭಾಮೈದ ಅರ್ಥವಾಗುವುದಿಲ್ಲ. ನಮ್ಮ ಕಡೆ ಅಕ್ಕನ ಗಂಡನನ್ನು ಛೇಡಿಸದ ಭಾಮೈದನನ್ನು ಜನ ಅನುಮಾನದಿಂದ ನೋಡುತ್ತಾರೆ, ಏನೋ ಮನಸ್ತಾಪ ಇರಬೇಕು ಅಂತ. ಅಪ್ಪ-ಅಮ್ಮನ ಮದುವೆಯಲ್ಲಿ ಕಾಶಿಯಾತ್ರೆಯ ಶಾಸ್ತ್ರ. ಸಂಸಾರ ಬೇಡ ಅಂತ ಕೊಡೆ ಹಿಡಿದು ಹೊರಟ ವರನನ್ನು ಹೆಣ್ಣಿನ ಕಡೆಯವರು ತಡೆದು, ನಮ್ಮ ಹುಡುಗಿಯನ್ನು ಕೊಡುತ್ತೇವೆ ಅಂತ ವಾಪಸ್ ಕರೆತರಬೇಕು. ಅವತ್ತು ಶಂಕರ ಮಾವ ಮುಂದೆ ಬಂದು ಏನಂದರು ಗೊತ್ತೇ? "ಹೋಗೋರನ್ನ ಯಾಕೆ ತಡೀತೀರಾ, ಬಸ್ಸಿಗೆ ಹೊತ್ತಾಗುತ್ತೆ." ಪುರೋಹಿತರೂ ನಕ್ಕರಂತೆ. ಅಲ್ಲಿಂದ ಶುರುವಾದದ್ದು ಇದು.

ಆದರೆ ನನ್ನ ಸಂಕಟ ಆಟದ್ದಲ್ಲ.

ಅಮ್ಮ ಕೋವಿಡ್ ವರ್ಷ ಹೋದರು. ಗಡಿ ಮುಚ್ಚಿತ್ತು, ವಿಮಾನ ಸಿಗಲಿಲ್ಲ. ಶಂಕರ ಮಾವ ಅಕ್ಕನ ಮುಖವನ್ನು ಕೊನೆಗೆ ನೋಡಿದ್ದು ಝೂಮ್‌ನಲ್ಲಿ. ಆಮೇಲೆ ಅಪ್ಪ, ಮಾವ ಇಬ್ಬರಿಗೂ ಫೋನಿನಲ್ಲಿ ಮಾತಾಡಲು ಆಗಲೇ ಇಲ್ಲ. ಜಗಳವೇನಿಲ್ಲ. "ಹೇಗಿದ್ದೀರಿ ಭಾವ?" "ಆರಾಮ, ನೀನು?" "ಆರಾಮ." ಅಷ್ಟಕ್ಕೇ ಇಬ್ಬರೂ ಇಟ್ಟುಬಿಡುತ್ತಿದ್ದರು. ಕೊನೆಗೆ ಫೋನೇ ನಿಂತಿತು. ಮಾವ ಈ ಟೇಬಲ್ ಹುಡುಕಿದ್ದು ಆಗಲೇ. ಅಲ್ಲಿ ದುಃಖದ ಮಾತು ಬೇಕಿಲ್ಲ. ಭಾವನ ಹದಿನೆಂಟಕ್ಕೆ ಬೈದರೆ ಸಾಕು. ಅವರಿಬ್ಬರ ನಡುವೆ ಉಳಿದಿದ್ದದ್ದು ಅದೊಂದೇ ದಾರಿ, ಅದೂ ಬಂದಾಯಿತು.

ಬಿಡುತ್ತೇನೆಯೇ ನಾನು? ಕ್ಯಾಸಿನೋದವರಿಗೆ ಇಮೇಲ್ ಬರೆದೆ. ಇವರು ಸಂಬಂಧಿಕರು, ಛೇಡಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ, ದಯವಿಟ್ಟು ಪರಿಶೀಲಿಸಿ ಎಂದು ವಿವರಿಸಿದೆ. ಬಹಳ ಸವಿನಯವಾಗಿ ಉತ್ತರ ಬಂತು. ತೊಂದರೆಗೊಳಗಾದ ಆಟಗಾರರೇ ನಮ್ಮ ಕ್ರಮಕ್ಕೆ ಕೃತಜ್ಞತೆ ಸೂಚಿಸಿದ್ದಾರೆ, ಆದ್ದರಿಂದ ನಿರ್ಧಾರ ಬದಲಾಗುವುದಿಲ್ಲ. ಅಪ್ಪನ "ಥ್ಯಾಂಕ್ ಯೂ, ಮೇಡಂ" ಸಾಕ್ಷಿಯಾಗಿ ಕೂತಿತ್ತು. ಇನ್ನೊಮ್ಮೆ ಬರೆದೆ. ಅದೇ ಉತ್ತರ ಬಂತು, ಇನ್ನಷ್ಟು ವಿನಯದಿಂದ.

ಮಾವನ ಚಾಟ್ ಮಾತ್ರ ಬಂದ್ ಆಗಿತ್ತು, ಆಟ ಅಲ್ಲ. ಶನಿವಾರ ಬಂತೆಂದರೆ ಅವರು ಅದೇ ಸೀಟಿನಲ್ಲಿ ಬಂದು ಕೂರುತ್ತಿದ್ದರು. ಕಾರ್ಡ್ ತೆಗೆದುಕೊಳ್ಳುತ್ತಿದ್ದರು, ಇಡುತ್ತಿದ್ದರು. ಅಪ್ಪ ಬೇಕೆಂದೇ ಹತ್ತೊಂಬತ್ತಕ್ಕೂ ಇನ್ನೊಂದು ಕಾರ್ಡ್ ಕೇಳಿ ಔಟ್ ಆಗುತ್ತಿದ್ದರು. ಏನೂ ಬರುತ್ತಿರಲಿಲ್ಲ. ಕಾಫಿ ಆರಿಹೋಗುತ್ತಿತ್ತು.

"ಅಪ್ಪಾ, ಡೊರೊತಿಗೆ ನೀವೇ ಹೇಳಿ. ಇಲ್ಲಾಂದ್ರೆ ಮಾವನಿಗೆ ಫೋನ್ ಮಾಡಿ."

"ಫೋನ್ ಮಾಡಿ ಏನಂತ ಮಾತಾಡ್ಲಿ ಪುಟ್ಟಿ?"

ನಾನೂ ಹಟ ಬಿಡಲಿಲ್ಲ.

ಮುಂದಿನ ಶನಿವಾರ ಅಪ್ಪನನ್ನು ಕಾರಿನಲ್ಲಿ ಮೂರು ತಾಸು ದೂರದ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೊರಡಿಸಿದೆ. ವಾಪಸ್ ಬರುವಾಗ ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಚಕ್ಕುಲಿ ಕೊಡಿಸುತ್ತೇನೆ ಅಂತ ಆಸೆಯನ್ನೂ ತೋರಿಸಿದೆ. 405 ಫ್ರೀವೇ ಎಂದಿನಂತೆ ನಿಂತಿತ್ತು. ಮುಂದೆಯೂ ಕಾರು, ಹಿಂದೆಯೂ ಕಾರು, ಅಪ್ಪ ಎಲ್ಲಿಗೂ ಎದ್ದು ಹೋಗುವಂತಿಲ್ಲ. ಸರಿಯಾಗಿ ಒಂಬತ್ತಕ್ಕೆ ಅವರ ಫೋನಿನಲ್ಲಿ ಟೇಬಲ್ ತೆರೆಯಿತು.

"ಬರೀರಿ," ಅಂದೆ.

"ಆ ತಾಯಿಗೆ ಬೇಜಾರಾಗತ್ತೆ."

"ಆಗ್ಲಿ. ನಿಮಗೆ ಆಗಿರೋದಕ್ಕಿಂತ ಕಮ್ಮೀನೇ ಆಗತ್ತೆ."

ಅಪ್ಪ ನನ್ನನ್ನೊಮ್ಮೆ ನೋಡಿದರು. ಆಮೇಲೆ ಒಂದು ಬೆರಳಿನಲ್ಲಿ ಶುರುಮಾಡಿದರು. ಆ ಟ್ರಾಫಿಕ್ ನಿಂತದ್ದು ಮೊದಲ ಬಾರಿಗೆ ಯಾರಿಗೋ ಉಪಯೋಗವಾಯಿತು. ಅವರು ಬರೆದದ್ದು ಇಷ್ಟು: "ಮೇಡಂ, ಆತ ನನ್ನ ಹೆಂಡತಿಯ ತಮ್ಮ. ಹೆಂಡತಿ ಈಗಿಲ್ಲ. ಅವನು ಬೈದಾಗ ನಾನು ನಗುತ್ತಿದ್ದೆ. ಅದು ನಿಮಗೆ ಕಾಣಿಸಿಲ್ಲ."

ಎಲೆನಾ ಕಾರ್ಡ್ ಹಂಚುವುದನ್ನೂ ಒಂದು ಕ್ಷಣ ಮರೆತಂತಿತ್ತು. ಕೊನೆಗೆ ಡೊರೊತಿ ಬರೆದರು: "ಅಯ್ಯೋ. ಹಾಗಾದರೆ ನನಗೆ ಥ್ಯಾಂಕ್ಸ್ ಯಾಕೆ ಹೇಳಿದಿರಿ?"

ಅಪ್ಪ ಫೋನನ್ನು ನನ್ನ ಕಡೆ ಚಾಚಿದರು. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಡೊರೊತಿ ಸಭ್ಯರು. ಸುಮ್ಮನೆ ಸಾರಿ ಹೇಳಿ ಕೂರಲಿಲ್ಲ. ಅವತ್ತೇ ದೂರು ವಾಪಸ್ ತೆಗೆದುಕೊಂಡರು, ತಮ್ಮ ತಪ್ಪು ಎಂದು ಬರೆದುಕೊಟ್ಟರು. ವಾರದೊಳಗೆ ಮಾವನ ಚಾಟ್ ತೆರೆಯಿತು, ಎಚ್ಚರಿಕೆಯ ಸಮೇತ: ಇನ್ನೊಂದು ದೂರು ಬಂದರೆ ಖಾಯಂ ಬಂದ್.

ಈ ಶನಿವಾರ ನಾನು ಅಡುಗೆಮನೆಯಲ್ಲಿರಲಿಲ್ಲ. ಅಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎಲೆನಾ ಬಂದಳು. ಡೊರೊತಿ ಬಂದರು. ಮಾವನ ಸೀಟು ತುಂಬಿತು. ಅಪ್ಪ ಹದಿನೆಂಟು ಇಟ್ಟುಕೊಂಡು, ಕಣ್ಣರಳಿಸಿ, ಇನ್ನೊಂದು ಕಾರ್ಡ್ ಕೇಳಿ ಔಟ್ ಆದರು. ಇಬ್ಬರೂ ಸ್ಕ್ರೀನ್ ನೋಡುತ್ತಾ ಕಾದೆವು.

ಮಾವ ಬರೆದರು: "ಬೆಟರ್ ಲಕ್ ನೆಕ್ಸ್ಟ್ ಟೈಮ್, ಸರ್."

ಸರ್.

ಆಮೇಲೆ ಅಪ್ಪ ಗೆದ್ದರು. "ವೆಲ್ ಪ್ಲೇಡ್, ಸರ್."

ಮಾವನ ತಪ್ಪಿಲ್ಲ. ಇನ್ನೊಮ್ಮೆ ಹೊರಗೆ ಹಾಕಿಸಿಕೊಳ್ಳುವ ಭಯ. ಪಕ್ಕಾ ಕೆನಡಾದವರಾಗಿಬಿಟ್ಟಿದ್ದರು. ನಿಯಮದ ಪುಸ್ತಕ ನೋಡಿದರೆ ಅವತ್ತಿನ ಚಾಟ್‌ಗೆ ಬಹುಮಾನ ಕೊಡಬೇಕು. ಆದರೆ ಅಪ್ಪನ ಮುಖ ನೋಡಬೇಕಿತ್ತು ನೀವು. ಅಷ್ಟು ವಾರಗಳ ಮೌನವನ್ನು ತಡೆದುಕೊಂಡಿದ್ದವರು, ಎರಡು ಸರ್ ತಡೆದುಕೊಳ್ಳಲಿಲ್ಲ. ಅವರ ಕಣ್ಣು ತುಂಬಿತು. ಎಲ್ಲ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದೆನೇನೋ ಅನ್ನಿಸಿತು.

ಅಪ್ಪ ಐಪ್ಯಾಡನ್ನು ನನ್ನ ಕಡೆ ತಳ್ಳಿದರು. ಜೇಬಿನಿಂದ ಫೋನ್ ತೆಗೆದರು.

"ಏನಯ್ಯ ಶಂಕರ. ಸರ್ ಅಂತೆ ಸರ್. ಯಾರೋ ನಿನಗೆ ಸರ್ರು? ನಿಮ್ಮಕ್ಕ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ಲು ನಿನಗೆ."

ನಿಮ್ಮಕ್ಕ. ಅಮ್ಮ ಹೋದಮೇಲೆ ಅವರಿಬ್ಬರ ನಡುವೆ ಆ ಪದ ಬಂದದ್ದು ಅದೇ ಮೊದಲು. ಅಪ್ಪ ಈ ಸಲ ಫೋನ್ ಇಡಲಿಲ್ಲ. ಕಿವಿಗೆ ಒತ್ತಿಕೊಂಡು ಕಾಯುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಮೂಗು ಸೀಟಿದ ಸದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆಮೇಲೆ ಮಾವನ ಒಡೆದ ದನಿ:

"ಅವತ್ತೇ ನಿಮ್ಮನ್ನ ಕಾಶಿಗೆ ಹೋಗೋಕೆ ಬಿಡ್ಬೇಕಿತ್ತು ಭಾವ. ಅಕ್ಕ ಕೇಳಲಿಲ್ಲ. ಬಾಗಿಲ ಸಂದಿಂದ ಸನ್ನೆ ಮಾಡಿದ್ಲು, ಕರ್ಕೊಂಡು ಬಾ ಅಂತ."

"ಸನ್ನೆ ಮಾಡಿದ್ಲಾ? ನನಗೆ ಹೇಳೇ ಇಲ್ವಲ್ಲೋ ಇಷ್ಟು ವರ್ಷ."

"ಹೇಳಿದ್ರೆ ನೀವು ತಲೆ ಮೇಲೆ ಕೂರ್ತಿದ್ರಿ."

ಅಪ್ಪ ನಕ್ಕರು. ಅಳುತ್ತಿದ್ದರು, ನಗುತ್ತಿದ್ದರು, ಎದ್ದು ಫೋನ್ ಹಿಡಿದು ಹಿತ್ತಲಿಗೆ ನಡೆದರು. ನಾನು ಆರಿದ ಕಾಫಿ ಚೆಲ್ಲಿ ಹೊಸದಾಗಿ ಮಾಡಿ, ಗಾಜಿನ ಬಾಗಿಲಿಂದ ನೋಡಿದೆ. ನಿಂಬೆಗಿಡದ ಸುತ್ತ ಸುತ್ತುತ್ತಾ, ಕೈ ಬೀಸಿ ಬೀಸಿ ಮಾತಾಡುತ್ತಿದ್ದರು. ಅಮ್ಮನ ಹೆಸರು ಎರಡು ಸಲ ಕೇಳಿಸಿತು.

ನಾನು ಟೇಬಲ್ಲಿಗೆ ವಾಪಸ್ ಬಂದಾಗ ಐಪ್ಯಾಡಿನಲ್ಲಿ ಡೊರೊತಿಯ ಮೆಸೇಜ್ ಕಾಯುತ್ತಿತ್ತು. ಇಬ್ಬರೂ ಮಹನೀಯರು ಒಟ್ಟಿಗೇ ಆಟ ಬಿಟ್ಟರಲ್ಲ, ಎಲ್ಲ ಕ್ಷೇಮ ತಾನೇ ಅಂತ. ನಾನು ಅಪ್ಪನ ಪರವಾಗಿ ಬರೆದೆ: "ಫೋನಿನಲ್ಲಿದ್ದಾರೆ. ಜಗಳ ಆಡುತ್ತಿದ್ದಾರೆ."

"ಓ, ಒಳ್ಳೆಯದಾಯಿತು," ಅಂತ ಬರೆದರು ಡೊರೊತಿ. ಅಜ್ಜಿಗೆ ಈಗ ಅರ್ಥವಾಗಿದೆ.

ಚಾಟ್‌ನಲ್ಲಿ ಮರ್ಯಾದೆ ಇರಬೇಕು. ಎಲೆನಾಗೆ ಬೈಯಬಾರದು, ಅಪರಿಚಿತರನ್ನು ಹೀಯಾಳಿಸಬಾರದು. ಡೊರೊತಿಯಂಥವರು ಪ್ರತಿ ಟೇಬಲ್ಲಿನಲ್ಲೂ ಇರಲಿ. ಅದನ್ನೆಲ್ಲ ನಾನು ಈಗಲೂ ಒಪ್ಪುತ್ತೇನೆ. ಜಗತ್ತಿನಲ್ಲಿ ನಮ್ಮನ್ನು ಸರ್, ಮೇಡಂ ಅನ್ನುವವರಿಗೇನೂ ಬರವಿಲ್ಲ. ಬ್ಯಾಂಕಿನವರು ಅನ್ನುತ್ತಾರೆ, ಇನ್ಶೂರೆನ್ಸ್‌ನವರು ಅನ್ನುತ್ತಾರೆ, ಹೆಸರೇ ಗೊತ್ತಿಲ್ಲದವರು ಫೋನ್ ಮಾಡಿ ಅನ್ನುತ್ತಾರೆ.

ನಿಮ್ಮನ್ನು ಮರ್ಯಾದೆಯಿಲ್ಲದೆ ಮಾತಾಡಿಸುವವರು ಇನ್ನೂ ಎಷ್ಟು ಜನ ಉಳಿದಿದ್ದಾರೆ?